ಮಾವನ ಕಿವಿಯ ಹತ್ತಿ

ನನ್ನ ಸೋದರಮಾವನ ಕಿವಿ ಬಲು ಚುರುಕು. ಪಕ್ಕದ ಮನೆಯಲ್ಲಿ ಹಪ್ಪಳ ಕರಿದರೆ ಸದ್ದು ಮೊದಲು ಕೇಳುವುದು ಇವನಿಗೆ. ಆದರೂ ವರ್ಷದ ಕೆಲವು ಬುಧವಾರ, ಗುರುವಾರಗಳಲ್ಲಿ ಅವನು ಶುದ್ಧ ಕಿವುಡ!

ಕಾರಣ, ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ನಾಕೌಟ್ ಟೂರ್ನಿ. ಅವರು ಆಡುವಾಗ ನಮ್ಮಲ್ಲಿ ನಡುರಾತ್ರಿ, ಮಾವ ಗೊರಕೆಯಲ್ಲಿರುತ್ತಾನೆ. ಯಲ್ಲಾಪುರದ ನಮ್ಮ ಮನೆಯಲ್ಲಿ ನನ್ನ ಮಗಳು ಪಂದ್ಯ ರೆಕಾರ್ಡ್ ಮಾಡಿಡುತ್ತಾಳೆ. ಮಾವ ಮರುದಿನ ಮಧ್ಯಾಹ್ನ ಮೂರಕ್ಕೆ ನೋಡುತ್ತಾನೆ. ಅಲ್ಲಿಯವರೆಗೆ ಯಾರೂ ಫಲಿತಾಂಶ ಹೇಳಿಬಿಡಬಾರದೆಂದು ಎರಡೂ ಕಿವಿಗೆ ದೇವರ ಬತ್ತಿಯ ಹತ್ತಿ.

"ಸತ್ತ ಸುದ್ದಿ ಕಿವಿಗೆ ಬಿದ್ದ ಮೇಲೇ ಸೂತಕ," ಎಂಬುದು ಅವನ ಶಾಸ್ತ್ರ. "ಕೇಳದಿದ್ರೆ ಎಂತದೂ ಇಲ್ಲೆ. ಆನು ನೋಡವರೆಗೂ ಯನ್ನ ಟೀಮು ಸೋತಿದ್ದಿಲ್ಲೆ." ನಮ್ಮ ಮನೆಮಾತಿನಲ್ಲಿ 'ನಾನು' ಎಂದರೆ 'ಆನು'.

ಒಮ್ಮೆ ಹೀಗೇ ಹತ್ತಿ ತುರುಕಿಕೊಂಡು, ಮೇಲೆ ಟವೆಲ್ ಸುತ್ತಿಕೊಂಡು, ನನ್ನೊಡನೆ ಶಿರಸಿ ಬಸ್ಸು ಹತ್ತಿದ. ಕೆಂಪು ಟವೆಲ್ ಎಂದು ನನ್ನ ನೆನಪು, ಹಸಿರು ಎನ್ನುತ್ತಾಳೆ ಹೆಂಡತಿ. ಅವಳು ಆ ಬಸ್ಸಿನಲ್ಲಿ ಇರಲೇ ಇಲ್ಲ.

"ಪಾಪ, ಹುಟ್ಟಾ ಕಿವುಡ್ರೇನ್ರಿ? ನಿಮ್ಮವ್ರ?" ಎಂದಳು ಎದುರಿನ ಸೀಟಿನ ಹೆಂಗಸು.

"ಗೊತ್ತಿಲ್ರಿ," ಎಂದು ನಾನು ಕಿಟಕಿಗೆ ತಿರುಗಿದೆ. ಆಗಲೇ ಮಾವ ಇಡೀ ಬಸ್ಸಿಗೆ ಕೇಳುವಂತೆ, "ತಮಾ, ನಿನ್ನ ಟಿಕೆಟ್ಟೂ ಆನೇ ತೆಗ್ಸಿದ್ದಿ," ಎಂದ. ನಾನು ಇಳಿಯುವವರೆಗೂ ಕತ್ತು ತಿರುಗಿಸಲಿಲ್ಲ.

ಆದರೆ ಕಿವುಡನಿಗೆ ಗಿರಾಕಿಗಳು ಬಹಳ. ಮನಸ್ಸಿನೊಳಗಿನದನ್ನು ಜನ ಅವನ ಎದುರು ಕೂತು ಸುರಿದುಕೊಳ್ಳುತ್ತಾರೆ. ನನ್ನ ಹೆಂಡತಿಯಂತೂ ನನ್ನನ್ನು ಬೈಯಲು ಗುರುವಾರ ಬರಲೆಂದು ಕಾಯುತ್ತಾಳೆ.

ಈ ಸಲ ಮಾವನ ತಂಡ ಫೈನಲ್ ತಲುಪಿತು. ಪಂದ್ಯ ಶನಿವಾರ ರಾತ್ರಿ. ಮಾವ ಅದನ್ನು ನೋಡುವುದು ಮರುದಿನ ಭಾನುವಾರ; ಮಗಳನ್ನು ನೋಡಲು ಸಿದ್ದಾಪುರದವರು ಬರುವ ದಿನವೂ ಅದೇ.

"ಇವತ್ತೊಂದಿನ ಹತ್ತಿ ತೆಗಿ ಮಾವ, ಮರ್ಯಾದೆ ಪ್ರಶ್ನೆ," ಎಂದು ಬರೆದು ತೋರಿಸಿದೆ.

"ಫೈನಲ್ಲೋ ಇದು," ಎಂದ.

ಹುಡುಗನ ತಂದೆ ಮಾವನನ್ನೇ ಕೇಳಿದರು: "ನೀವು ಹಿರಿಯರು. ಕೂಸಿನ ಬಗ್ಗೆ ನೀವೇ ಹೇಳಿ."

ಮಾವ ಎರಡೂ ಕೈ ಮುಂದೆ ಚಾಚಿ ತಡೆದ. "ಎಂತ ಬೇಕಾರೂ ಮಾತಾಡಿ. ಸ್ಕೋರೊಂದು ಬ್ಯಾಡ, ಅದೊಂದು ಹೇಳಡಿ."

ಬಂದವರು ಮುಖ ಮುಖ ನೋಡಿಕೊಂಡರು. ನೆಲ ಬಾಯಿ ಬಿಡಬಾರದೇ ಅನಿಸಿತು. ಮಾವನನ್ನು ರಟ್ಟೆ ಹಿಡಿದು ಅಡುಗೆಮನೆಗೆ ಕಳಿಸಿದೆ. ಹುಡುಗನಿಗೋ ಫುಟ್‌ಬಾಲ್ ಹುಚ್ಚು; ಕಾದಿದ್ದವನಂತೆ ಪಂದ್ಯದ ಕಥೆ ಶುರುಮಾಡಿದ.

ಕಷಾಯ ತರಲು ಒಳಗೆ ಹೋದವನು ಬಾಗಿಲಲ್ಲೇ ನಿಂತೆ. ಮಗಳು ಮಾವನ ಪಕ್ಕದಲ್ಲಿ, ಗೋಡೆ ನೋಡುತ್ತ ಕೂತಿದ್ದಳು.

"ಅಜ್ಜ, ಯಂಗೆ ಈ ಮದುವೆ ಬ್ಯಾಡ. ಅಪ್ಪನ ಹತ್ರ ಹೇಳಲೆ ಹೆದ್ರಿಕೆ."

ಅವನಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲೇ ಹೇಳಿದ್ದಳು. ಮಾವ ಅವಳ ಮುಖ ನೋಡಿದ. ಎರಡೂ ಕಿವಿಯ ಹತ್ತಿ ತೆಗೆದ. ಸ್ವಲ್ಪ ತಡೆದು ತೆಗೆದನೇ, ತಕ್ಷಣವೇ ತೆಗೆದನೇ? ನೆನಪು ಇಂಥ ಕಡೆ ಅಲಂಕಾರಕ್ಕೆ ಇಳಿಯುತ್ತದೆ, ನಾನು ಹೇಳಲಾರೆ. ಅಷ್ಟರಲ್ಲಿ ಜಗಲಿಯಿಂದ ಹುಡುಗನ ದನಿ ಸ್ಪಷ್ಟವಾಗಿ ಬಂತು, ಪೆನಾಲ್ಟಿಯಲ್ಲಿ ಯಾರು ಸೋತರೆಂದು.

ಮಾವನ ರೆಪ್ಪೆ ಒಮ್ಮೆ ಅದುರಿತು.

"ಅದು ಇರ್ಲಿ. ನೀ ಇನ್ನೊಂದ್ಸಲ ಹೇಳೆ ಕೂಸೆ. ಆನು ಕೇಳ್ತಾ ಇದ್ದಿ."

ಅವಳು ಇನ್ನೊಮ್ಮೆ ಹೇಳಿದಳು. ಮಾವ ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದ.

"ನಿಂಗೆ ಕೇಳ್ತಾ?"

ಕಷಾಯದ ಲೋಟಗಳನ್ನು ಅಲ್ಲೇ ಬಿಟ್ಟು, ತಪ್ಪು ತಿಳಿಯಬೇಡಿ ಎಂದು ಸಿದ್ದಾಪುರದವರಿಗೆ ಕೈಮುಗಿಯಲು ನಾನು ಜಗಲಿಗೆ ಹೋದೆ.