ಟಾರ್ ರೋಡ್ ಅಳಿಯ

ಎಲ್ಲಿಗೆ ಹೋದರೂ ಮೊದಲು ಕಣ್ಣು ಬೀಳುವ ಜಾಗ ಪ್ರತಿಯೊಬ್ಬರಿಗೂ ಒಂದಿರುತ್ತದೆ. ನನ್ನ ಹೆಂಡತಿ ಗಿರಿಜೆಗೆ ಅದು ಬೇರೆಯವರ ಸೀರೆಯ ಅಂಚು. ನಮ್ಮ ಆಫೀಸಿನ ಶಿರಸ್ತೇದಾರರಿಗೆ ಅರ್ಜಿಯ ಕೆಳಗಿನ ಸಹಿ. ನನಗೆ ಕಾರುಗಳ ಚಕ್ರದ ಮೇಲೆ ಕಮಾನಿನ ಹಾಗೆ ಬಾಗಿರುವ ತಗಡು, ನಾವೆಲ್ಲ ಮಡ್‌ಗಾರ್ಡ್ ಎಂದು ಕರೆಯುವ ಜಾಗ. ಯಾರ ಕಾರು ಎಲ್ಲಿ ನಿಂತಿದ್ದರೂ ನಾನು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಳಗೆ ಇಣುಕುತ್ತೇನೆ, ಅಂಚನ್ನು ಬೆರಳಿನಿಂದ ಸವರುತ್ತೇನೆ, ಮಣ್ಣು ಸಿಕ್ಕರೆ ಮಾಲೀಕನ ಬಗ್ಗೆ ಮರುಕಪಟ್ಟು ತಲೆಯಾಡಿಸುತ್ತೇನೆ. ತರೀಕೆರೆಯಲ್ಲಿ ಒಂದು ಮದುವೆಗೆ ಹೋದಾಗ ಕಲ್ಯಾಣ ಮಂಟಪದ ಹೊರಗೆ ಗಂಡಿನ ಕಡೆಯವರ ಕಾರಿನ ಪಕ್ಕ ಹೀಗೆ ಕೂತಿದ್ದೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು, "ಏನಾರ ಬಿದ್ದೋಯ್ತಾ ಸಾರ್?" ಎಂದು ತಾವೂ ಬಗ್ಗಿ ನೆಲ ತಡವತೊಡಗಿದರು. ಅವರಿಗೆ ನಿಜ ಹೇಳಲು ಧೈರ್ಯ ಸಾಲದೆ ನಾನೂ ಸ್ವಲ್ಪ ಹೊತ್ತು ಅವರ ಜೊತೆ ಹುಡುಕಿದೆ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ಕಾರಿನಿಂದ ಬಂದದ್ದು. ಕಡೂರಿನ ತಾಲ್ಲೂಕು ಆಫೀಸಿನಲ್ಲಿ ಕಡತಗಳ ನಡುವೆ ಅರ್ಧ ಆಯುಷ್ಯ ಕಳೆದ ನಾನು ಬಹಳ ತಡವಾಗಿ ಒಂದು ಹಳೆಯ ಬಿಳಿ ಕಾರು ಕೊಂಡೆ. ಮಾರಿದವರು ತರೀಕೆರೆಯ ಒಬ್ಬ ನಿವೃತ್ತ ಮಹನೀಯರು. "ದೇವಸ್ಥಾನಕ್ಕೆ ಬಿಟ್ಟರೆ ಇದನ್ನ ಎಲ್ಲಿಗೂ ಓಡಿಸಿಲ್ಲ" ಎಂದಿದ್ದರು. ಅವರ ದೇವಸ್ಥಾನ ಯಾವುದೋ ಗದ್ದೆಯ ನಡುವೆ ಇದ್ದಿರಬೇಕು. ಮೊದಲ ಮಳೆಗಾಲದಲ್ಲೇ ಎಡಗಡೆ ಹಿಂದಿನ ಚಕ್ರದ ಮೇಲೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಹಪ್ಪಳ ಕಂಡರೆ ಒತ್ತಿ ನೋಡುವುದು ಮನುಷ್ಯ ಸ್ವಭಾವ. ಒತ್ತಿದೆ. ಬೆರಳು ಸಲೀಸಾಗಿ ಒಳಗೆ ಹೋಯಿತು.

ಬೀರೂರಿನಲ್ಲಿ ಟಿಂಕರಿಂಗ್ ಮಾಡುವ ಗೌಸಣ್ಣ ಎಂಬವರಿದ್ದಾರೆ. ಮಾತು ಜಾಸ್ತಿ, ಕೆಲಸ ನಿಧಾನ, ಹೇಳಿದ ದಿನಕ್ಕೆ ಗಾಡಿ ಕೊಟ್ಟ ದಾಖಲೆ ಇಲ್ಲ. ಅವರು ಕೊಳೆತ ತಗಡು ಕತ್ತರಿಸಿ, ಹೊಸದು ಬೆಸೆದು, ಬಣ್ಣ ಬಳಿದು, ಕೊನೆಯಲ್ಲಿ ಒಂದು ಮಾತು ಹೇಳಿದರು. "ಸಾರ್, ಒಳಗೆ ಮಣ್ಣು ಕುಂತ್ಕಂತು ಅಂದ್ರೆ ನೀರು ಹಿಡ್ಕಂತದೆ. ನೀರು ಹಿಡ್ಕಂಡ್ರೆ ತುಕ್ಕು. ಮಣ್ಣು ನಿಲ್ಲಕ್ಕೆ ಬಿಡಬೇಡಿ." ಬೇರೆ ಯಾರಾದರೂ ಆಗಿದ್ದರೆ ಇದನ್ನು ಒಂದು ಸಲಹೆ ಎಂದುಕೊಳ್ಳುತ್ತಿದ್ದರು. ನಾನು ಸರ್ಕಾರಿ ನೌಕರ, ಸುತ್ತೋಲೆ ಎಂದುಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಕಾರಿನ ಅಭ್ಯಂಜನ. ಕಮಾನಿನ ಒಳಗೆ ಪೈಪಿನಿಂದ ನೀರು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸುತ್ತಿದ್ದೆ. ಹಳೆಯ ಬ್ರಷ್ ಮುಗಿದಾಗ ಹೊಸದನ್ನು ಹಳೆಯದು ಎಂದು ಘೋಷಿಸುತ್ತಿದ್ದೆ. ಅಂಚಿನ ಮಡಿಕೆಯಲ್ಲಿ ಕೂತ ಮಣ್ಣನ್ನು ಎಬ್ಬಿಸಲು ಗಿರಿಜೆಯ ದೋಸೆ ಮಗುಚುವ ಕಬ್ಬಿಣದ ಕೈಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಸ್ವಂತ ಸಂಶೋಧನೆ. ಅದನ್ನು ಎಷ್ಟು ತೊಳೆದಿಟ್ಟರೂ ಅವಳಿಗೆ ಗೊತ್ತಾಗುತ್ತಿತ್ತು. "ದೋಸೆ ಗ್ರೀಸ್ ವಾಸ್ನೆ ಹೊಡೀತೈತೆ ಕಣ್ರೀ" ಎಂದು ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ಅದನ್ನೂ ನಾನೇ ತಿನ್ನುತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಒಂದು ಭಾನುವಾರ ಕಾರಿನ ಕೆಳಗೆ ಬಗ್ಗಿ ನೋಡಿದಾಗ, ಬಾಗಿಲುಗಳ ಅಡಿಯಲ್ಲಿ ಹಿಂದಿನ ಚಕ್ರದವರೆಗೂ ಹೋಗುವ ಉದ್ದನೆಯ ತಗಡಿನ ಡಬ್ಬಿಯ ತಳದಲ್ಲಿ ಸಣ್ಣಸಣ್ಣ ತೂತುಗಳು ಕಂಡವು. ಇಷ್ಟು ವರ್ಷ ಕಡತ ನೋಡಿದ ಕಣ್ಣು ನನ್ನದು. ಎಲ್ಲಿ ತೂತಿದೆಯೋ ಅಲ್ಲಿಂದ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ ಎಂಬುದು ಖಾತೆ, ಪೋಡಿ, ಪಹಣಿಗಳು ನನಗೆ ಕಲಿಸಿದ ಪಾಠ. ಮಣ್ಣು ಒಳಗೆ ಹೋಗುವ ಕಳ್ಳದಾರಿ ಇದೇ ಎಂದು ತೀರ್ಮಾನಿಸಿ, ನಲ್ಲಿ ಸೋರಿದರೆ ಮೆತ್ತುವ ಅಂಟು ತಂದು, ಗಿರಿಜೆಯ ಕೈಯಲ್ಲಿ ಟಾರ್ಚ್ ಹಿಡಿಸಿ, ಒಂದೂ ಬಿಡದೆ ಮುಚ್ಚಿದೆ. ಅಷ್ಟು ನೆಮ್ಮದಿಯ ನಿದ್ದೆ ನನಗೆ ಅದುವರೆಗೆ ಬಂದಿರಲಿಲ್ಲ.

ಈಗ ನನ್ನ ಅತ್ತೆಯ ವಿಷಯ. ಗಿರಿಜೆಯ ತವರು ಅಜ್ಜಂಪುರದಾಚೆಯ ಒಂದು ಹಳ್ಳಿ. ಅತ್ತೆ ರುದ್ರಮ್ಮನವರು ಮಗ ಮಂಜಣ್ಣ ಮತ್ತು ಸೊಸೆಯ ಜೊತೆ ಅಲ್ಲಿ ಈರುಳ್ಳಿ ಹೊಲ, ಎಮ್ಮೆ, ಊರ ಪಂಚಾಯ್ತಿ ಎಲ್ಲವನ್ನೂ ಒಂದೇ ದನಿಯಲ್ಲಿ ಆಳುತ್ತಾರೆ. ನಮ್ಮ ಕಡೂರಿನ ನೆಲ ಗರಸು. ಮಳೆ ಬಂದರೂ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಅಲ್ಲಿನದು ಎರೆಮಣ್ಣು, ಕಪ್ಪು ಎಂದರೆ ಕಡುಗಪ್ಪು. ಮಳೆಗಾಲದಲ್ಲಿ ಅದರ ಮೇಲೆ ಹತ್ತು ಹೆಜ್ಜೆ ನಡೆದರೆ ಮನುಷ್ಯ ಎರಡಿಂಚು ಎತ್ತರವಾಗುತ್ತಾನೆ, ಇನ್ನೆರಡು ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿದು ಮನುಷ್ಯ ಮಾತ್ರ ಮುಂದೆ ಹೋಗುತ್ತಾನೆ. ಚಕ್ರದ ಮೇಲೆ ಒಮ್ಮೆ ಮೆತ್ತಿ ಒಣಗಿತೆಂದರೆ ಸಿಮೆಂಟು. ಟಾರ್ ರಸ್ತೆಯಿಂದ ಅತ್ತೆಯ ಮನೆಯ ಬಾಗಿಲಿಗೆ ಅರ್ಧ ಮೈಲಿ ಇಂಥ ದಾರಿ.

ಗೌರಿ ಹಬ್ಬ ಬರುವುದು ಸರಿಯಾಗಿ ಆ ಕೆಸರಿನ ಕಾಲದಲ್ಲೇ. ಕಾರು ಬಂದ ಮೊದಲ ವರ್ಷ ನಾನು ಗಾಡಿಯನ್ನು ಟಾರ್ ರಸ್ತೆಯಲ್ಲೇ ನಿಲ್ಲಿಸಿ ಗಿರಿಜೆಯನ್ನು ನಡೆಸಿಕೊಂಡು ಹೋದೆ. ವಾಪಸು ಬರುವಾಗ ಇಬ್ಬರ ಕಾಲಿಗೂ ಅಂಟಿದ ಎರೆಮಣ್ಣು ಕಾರಿನ ಒಳಗೇ ಬಂದು ಕೂತಿತು. ಮುಂದಿನ ವರ್ಷ ನಾನು ಫೋನಿನಲ್ಲಿ ತೊದಲುತ್ತಿದ್ದಾಗ ಅತ್ತೆಯೇ ಅರ್ಥಮಾಡಿಕೊಂಡು, "ಅಳಿಯಂದ್ರಿಗೆ ಯಾಕೆ ತೊಂದ್ರೆ, ನಾನೇ ರೋಡಿಗೆ ಬತ್ತೀನಿ ಬಿಡಿ" ಎಂದರು. ಅಂದಿನಿಂದ ಅದೇ ಪದ್ಧತಿಯಾಯಿತು. ಸೆರಗು ಮುಚ್ಚಿ, ಎದುರುಬದುರು ಕೂತು ಕೊಡಬೇಕಾದ ಮೊರದ ಬಾಗಿನವನ್ನು ಅತ್ತೆ ತಲೆಯ ಮೇಲೆ ಹೊತ್ತು ಅರ್ಧ ಮೈಲಿ ನಡೆದು ಬಂದು ಕಾರಿನ ಕಿಟಕಿಯಲ್ಲಿ ಕೊಡುತ್ತಿದ್ದರು. ಮೊರ ಕಿಟಕಿಯಲ್ಲಿ ನೆಟ್ಟಗೆ ತೂರುವುದಿಲ್ಲ. ಓರೆ ಮಾಡಿದರೆ ಅಕ್ಕಿ ಬೇಳೆ ರಸ್ತೆಗೆ ಚೆಲ್ಲುತ್ತಿತ್ತು. ಹಿಂದೆ ಬಸ್ಸಿನವನು ಹಾರನ್ ಒತ್ತುತ್ತಿದ್ದ. ಅತ್ತೆ ಕೆಸರುಗಾಲಿನಲ್ಲಿ ಕಾರಿನಿಂದ ಒಂದು ಮಾರು ದೂರದಲ್ಲೇ ನಿಂತು, "ಗಾಡಿಗೆ ತಾಗೀತು" ಎಂದು ಕೈಯನ್ನು ಮಾತ್ರ ಚಾಚುತ್ತಿದ್ದರು. ಆಗ ನನಗೆ ಅದು ಅವರ ಶಿಸ್ತು ಎನಿಸಿತ್ತು. ಊರಿನಲ್ಲಿ ನನಗೆ 'ಟಾರ್ ರೋಡ್ ಅಳಿಯ' ಎಂಬ ಹೆಸರು ಬಿದ್ದಿದೆ ಎಂದು ಮಂಜಣ್ಣ ಹೇಳಿದಾಗ, ಊರಿಗೆ ಟಾರ್ ರಸ್ತೆ ಬಂದ ಮೇಲೆ ಸಂಬಂಧವಾದ ಅಳಿಯ ಎಂಬ ಗೌರವ ಇರಬೇಕೆಂದುಕೊಂಡೆ.

ಈ ವರ್ಷ ಹಬ್ಬಕ್ಕೆ ವಾರವಿದೆ ಎನ್ನುವಾಗ ಗಿರಿಜೆ ಕಾಫಿ ಲೋಟವನ್ನು ಎಂದಿಗಿಂತ ಸ್ವಲ್ಪ ಜೋರಾಗಿ ಮೇಜಿನ ಮೇಲಿಟ್ಟಳು.

"ಅವ್ವ ಫೋನ್ ಮಾಡಿದ್ಲು. ಈ ಸಲ ರೋಡಿಗೆ ಬರಲ್ವಂತೆ."

"ಯಾಕೆ, ಮಂಡಿ ನೋವಾ?"

"ಮಂಡಿನೂ ನೋವು, ಮನಸ್ಸೂ ನೋವು. ರಸ್ತೇಲಿ ನಿಂತ್ಕಂಡು ಕಿಟಕೀಲಿ ಬಾಗಿನ ಕೊಡಕ್ಕೆ ನಾನೇನು ಟೋಲ್‌ಗೇಟಿನೋಳಾ ಅಂದ್ಲು."

"ಟೋಲ್‌ಗೇಟಿನವರು ಕೊಡಲ್ಲ ಗಿರಿಜಾ, ಈಸ್ಕೊಳ್ತಾರೆ" ಎಂದೆ. ಕಡತದಲ್ಲಿ ತಪ್ಪು ಕಂಡರೆ ತಿದ್ದುವುದು ನನ್ನ ಅಭ್ಯಾಸ.

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. "ಕಾರು ಬಾಗಿಲ ತನಕ ಬಂದ್ರೆ ಸರಿ. ಇಲ್ದಿದ್ರೆ ನಾನು ಬಸ್ಸಲ್ಲಿ ಹೋಯ್ತೀನಿ. ಹೋದ್ರೆ ದೀಪಾವಳಿ ಕಳ್ಕಂಡೇ ಬರೋದು. ನೀವೂ ನಿಮ್ಮ ಮಡ್‌ಗಾರ್ಡೂ ಚೆನ್ನಾಗಿರಿ."

ಗೌರಿಯಿಂದ ದೀಪಾವಳಿಗೆ ಎಷ್ಟು ಊಟಗಳಾಗುತ್ತವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನಗೆ ಬರುವ ಅಡುಗೆ ಅನ್ನ, ಅದೂ ಕುಕ್ಕರ್ ಕೂಗಿದರೆ. ಆದರೆ ಹೆದರಿಕೆ ಅಡುಗೆಯದು ಮಾತ್ರವಲ್ಲ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಸಿಟ್ಟಾಗಿದ್ದಾಳೆ, ಅತ್ತಿದ್ದಾಳೆ, ತಟ್ಟೆ ತಳ್ಳಿದ್ದಾಳೆ. ಅಷ್ಟು ತಣ್ಣಗೆ ಮಾತಾಡಿದ್ದು ಅದೇ ಮೊದಲು. ನನಗೆ ನಿಜವಾಗಿ ಭಯವಾಯಿತು.

ಹಬ್ಬದ ದಿನ ಜಡಿಮಳೆ. ಟಾರ್ ರಸ್ತೆಯ ಅಂಚಿನಲ್ಲಿ ಅಭ್ಯಾಸಬಲದಿಂದ ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಗಿರಿಜೆ ಕಿಟಕಿಯಾಚೆ ನೋಡುತ್ತಿದ್ದಳು. ಕಣ್ಣು ಮುಚ್ಚಿ ಎಂದರೆ ಸುಳ್ಳಾಗುತ್ತದೆ, ಹಲ್ಲು ಕಚ್ಚಿ ಕಾರನ್ನು ಕೆಸರಿಗೆ ಇಳಿಸಿದೆ. ಎರೆಮಣ್ಣಿನ ಮುದ್ದೆಗಳು ಚಕ್ರದಿಂದೆದ್ದು ದಪ್ ದಪ್ ಎಂದು ಕಮಾನಿಗೆ ಬಡಿದವು. ಒಂದೊಂದು ಏಟೂ ನನ್ನ ಎದೆಗೇ ಬಿದ್ದ ಹಾಗಾಯಿತು. ಗಿರಿಜೆಯ ಮುಖದಲ್ಲಿ ಮಾತ್ರ ಪ್ರತಿ ದಪ್ಪಿಗೂ ನಗು ಹೆಚ್ಚುತ್ತಿತ್ತು. ಅತ್ತೆಯ ಮನೆಯ ಮುಂದೆ ನಿಂತಾಗ ಕಾರಿನ ಮೂಲ ಬಣ್ಣ ಬಿಳಿ ಎಂಬುದಕ್ಕೆ ಅದರ ಚಾವಣಿ ಒಂದೇ ಸಾಕ್ಷಿ.

"ಟಾರ್ ರೋಡ್ ಅಳಿಯ ಒಳೀಕೇ ಬಂದವ್ರೆ ಕಣೇ" ಎಂದು ಪಕ್ಕದ ಮನೆಯಿಂದ ಒಂದು ಹೆಣ್ಣು ದನಿ ಕೇಳಿತು. ಆ ಹೆಸರಿನ ಅರ್ಥ ನನಗೆ ಹೊಳೆದದ್ದು ಆಗಲೇ.

ಅತ್ತೆ ಕುಂಟುತ್ತಾ ಹೊರಗೆ ಬಂದರು. ಕಾಲಿಗೆ ನೀರು ಕೊಡುವ ಮೊದಲು ಕಾರಿನ ಸುತ್ತ ಒಂದು ಸಲ ನೋಡಿ, ಮೆಣಸಿನಕಾಯಿ ಉಪ್ಪು ತರಿಸಿ ಅದಕ್ಕೆ ದೃಷ್ಟಿ ತೆಗೆದರು. "ಪಾಪ, ಬಾಗಿಲಿಗೆ ಬಂದೈತೆ" ಎಂದರು. ಆಮೇಲೆ ನಡುಮನೆಯಲ್ಲಿ ತಾಯಿ ಮಗಳು ಎದುರುಬದುರು ಕೂತು, ಸೆರಗು ಮುಚ್ಚಿ, ಒಂದು ಕಾಳೂ ಚೆಲ್ಲದೆ ಬಾಗಿನ ಕೊಟ್ಟುಕೊಂಡರು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಇಷ್ಟು ವರ್ಷ ಇದನ್ನು ಬಸ್ಸಿನ ಹಾರನ್ನಿನ ಕೆಳಗೆ ಮಾಡಿಸಿದೆನಲ್ಲಾ ಎಂದು ನಾಚಿಕೆಯಾಯಿತು. ಬಾಗಿನದಲ್ಲಿ ಬಳೆ, ಬಾಚಣಿಗೆ, ಬೆಲ್ಲದಚ್ಚಿನ ಜೊತೆ ಹೊಚ್ಚಹೊಸ ದೋಸೆ ಮಗುಚುವ ಕೈ ಒಂದಿತ್ತು. ಅಡುಗೆಮನೆಯ ದೂರುಗಳೂ ತವರಿಗೆ ತಲುಪಿದ್ದವು ಎಂದಾಯಿತು.

ಇಷ್ಟಾದರೂ ಮನಸ್ಸು ಮಡ್‌ಗಾರ್ಡಿನಲ್ಲೇ ಇತ್ತು. ಮೆಲ್ಲಗೆ ಹೊರಗೆ ಬಂದು ಒಂದು ಕಡ್ಡಿ ಹುಡುಕುತ್ತಿದ್ದೆ. ಮಂಜಣ್ಣ ನೋಡಿ, "ಬಿಡಿ ಭಾವ, ನಾನು ತೊಳ್ದು ಕೊಡ್ತೀನಿ" ಎಂದು ಪಂಪಿನ ಪೈಪ್ ಎಳೆದು ತಂದ. ಐದು ನಿಮಿಷದಲ್ಲಿ ಎರೆಮಣ್ಣೆಲ್ಲ ಕರಗಿ ಇಳಿಯಿತು. ಕಮಾನು ಫಳಫಳ ಹೊಳೆಯಿತು, ಒಂದು ಚುಕ್ಕೆ ತುಕ್ಕಿಲ್ಲ. ನಾನು ಉಬ್ಬಿಹೋದೆ. ಮಂಜಣ್ಣ ಬಗ್ಗಿ ಬಾಗಿಲಿನ ಅಡಿಗೆ ಕೈಹಾಕಿದವನು, "ಇದೇನು ಭಾವ, ಇಲ್ಲಿ ಮೆತ್ತಗೈತೆ" ಎಂದು ಸ್ಕ್ರೂಡ್ರೈವರಿನಿಂದ ಒಂದು ತೂತಿಗೆ ಮೆತ್ತಿದ್ದ ಅಂಟನ್ನು ಕಿತ್ತ. ಒಳಗಿನಿಂದ ಕೆಂಪು ನೀರು ಬುಳಬುಳನೆ ಸುರಿದು ಹಬ್ಬದ ರಂಗೋಲಿಯ ಮೇಲೆ ಹರಿಯಿತು. ಇನ್ನೊಂದು ಕಿತ್ತ, ಇನ್ನಷ್ಟು ನೀರು. ಮೂರನೆಯದಕ್ಕೆ ನೀರಿನ ಜೊತೆ ತಗಡಿನ ಚೂರೇ ಕಳಚಿ ಅವನ ಅಂಗೈಗೆ ಬಿತ್ತು. ಅಷ್ಟರಲ್ಲಿ ಮನೆಮಂದಿಯೆಲ್ಲ ಹೊರಗೆ ಬಂದಿದ್ದರು.

"ಮೇಲಿಂದ ಒಳಕ್ಕೆ ಹೋದ ನೀರು ಇಳಿಯೋ ತೂತು ಇದು. ಯಾರು ಭಾವ ಮುಚ್ಚಿದ್ದು?"

"ಹಿಂದಿನ ಓನರ್ ಇರಬೇಕು" ಎಂದೆ.

"ಹೌದು" ಎಂದಳು ಗಿರಿಜೆ. "ಹಿಂದಿನ ಓನರ್ರು ನಮ್ಮನೆ ಮುಂದೆ ಗೋಣಿಚೀಲ ಹಾಸ್ಕಂಡು ಮಲ್ಕಂಡು ಮುಚ್ಚಿದ್ರು. ಟಾರ್ಚ್ ಹಿಡ್ಕಂಡಿದ್ದು ನಾನೇ."

ಅತ್ತೆ ಕೆಂಪು ನೀರನ್ನೇ ನೋಡುತ್ತಾ ಕೇಳಿದರು. "ಇದ್ರಲ್ಲಿ ನಮ್ಮೂರ ಮಣ್ಣು ಎಷ್ಟೈತೆ ಅಳಿಯಂದ್ರೆ?"

"ಒಂದು ಚೂರೂ ಇಲ್ಲ ಅತ್ತೆ."

"ಮತ್ತೆ ಇದ್ಯಾವ ನೀರು?"

"ಕಡೂರಿಂದು" ಎಂದೆ. "ನಮ್ಮನೆ ನಲ್ಲೀದು. ಭಾನುವಾರ ತೊಳ್ದದ್ದು."

ಬೈದಿದ್ದರೆ ಚೆನ್ನಾಗಿತ್ತು. ಅವರು "ಹೋಳಿಗೆ ಆರೋಯ್ತದೆ, ಬನ್ನಿ" ಎಂದು ಒಳಗೆ ಹೋದರು. ಅಂದು ನನಗೆ ಬಡಿಸಿದ ತುಪ್ಪ ಎಂದಿಗಿಂತ ಜಾಸ್ತಿಯೇ ಇತ್ತು.

ಮಾರನೆಯ ದಿನ ಅತ್ತೆಯೂ ನಮ್ಮ ಜೊತೆ ಕಡೂರಿಗೆ ಹೊರಟರು. ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿದೆ. ಕೆಸರುಗಾಲನ್ನು ಹೊರಗೇ ಇಟ್ಟುಕೊಂಡು ಅನುಮಾನಿಸಿದರು. ನಾನೇ ಬಗ್ಗಿ ಅವರ ಕಾಲನ್ನು ಒಳಗಿಟ್ಟು ಬಾಗಿಲು ಹಾಕಿದೆ. ಟಾರ್ ರಸ್ತೆ ಸಿಕ್ಕಿದಾಗ, "ಒಂದ್ಗಳಿಗೆ ನಿಲ್ಸಿ" ಎಂದರು. ನಿಲ್ಲಿಸಿದೆ. ತಾವು ಪ್ರತಿವರ್ಷ ನಿಲ್ಲುತ್ತಿದ್ದ ಜಾಗವನ್ನು ಕಿಟಕಿಯಿಂದ ನೋಡಿ, "ಕುಂತ್ಕಂಡು ನೋಡಿದ್ರೆ ಅಷ್ಟೇನೂ ದೂರ ಅನ್ಸಲ್ಲ" ಎಂದರು. ಹಿಂದಿನ ಸೀಟಿನಿಂದ ಗಿರಿಜೆ ನನ್ನ ಹೆಗಲ ಮೇಲೆ ಒಂದು ಸಲ ಕೈಯಿಟ್ಟಳು, ಅಷ್ಟೇ.

ಗೌಸಣ್ಣ ಹೊಸ ತಗಡು ಹಾಕಿ, ತೂತುಗಳನ್ನು ಬಿಡಿಸಿ, ಎಂದಿನಂತೆ ಹೇಳಿದ ದಿನಕ್ಕಿಂತ ತಡವಾಗಿ ಗಾಡಿ ಕೊಟ್ಟರು. ಈಗ ಅತ್ತೆಯ ಊರಿಗೆ ಹೋದಾಗಲೆಲ್ಲ ಬಾಗಿಲವರೆಗೂ ಹೋಗುತ್ತೇನೆ. ಕಡೂರಿನಲ್ಲಿ ಯಾರಾದರೂ ಕಾರಿನ ಕಪ್ಪು ಮಣ್ಣು ನೋಡಿದರೆ, ಕೇಳದಿದ್ದರೂ "ಅತ್ತೆ ಮನೆಗೆ ಹೋಗಿದ್ದೆ" ಎನ್ನುತ್ತೇನೆ. ಗಿರಿಜೆಯ ಮಗುಚುವ ಕೈಯನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಮುಟ್ಟಿಲ್ಲ. ಆದರೆ ಆ ತೂತುಗಳಲ್ಲಿ ಕಸ ಕಟ್ಟಿದರೆ ನೀರು ಮತ್ತೆ ನಿಲ್ಲುತ್ತದಲ್ಲ, ಭಾನುವಾರಕ್ಕೊಮ್ಮೆ ಚುಚ್ಚಿ ಬಿಡಿಸಲೇಬೇಕು. ಅದಕ್ಕೆ ಅವಳ ತಲೆಪಿನ್ನಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮೊನ್ನೆಯಿಂದ ಅವಳು ಕನ್ನಡಿ ಮುಂದಿನ ಪಿನ್ನಿನ ಡಬ್ಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದಾಳೆ. ಅತ್ತೆಗೆ ಇನ್ನೂ ಫೋನ್ ಹೋದ ಹಾಗಿಲ್ಲ.