ಜಿಲ್ಲೆಗೆಲ್ಲ ನನ್ನದೇ ಮಿದುಳು

ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೊಪ್ಪಳದ ಸ್ಕ್ಯಾನ್ ಸೆಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನಂಥ ನಿಪುಣನಿಗಂತೂ ಹುಡುಕಿಕೊಂಡು ಬಂದು ಆಗುತ್ತವೆ.

೧. ಯಾವ ಕೈ?

ನಮ್ಮಲ್ಲಿ ನೆನಪಿನ ಶಕ್ತಿಯ ಅಧ್ಯಯನ ನಡೆದಿತ್ತು. ಸುತ್ತಲಿನ ತಾಲೂಕುಗಳ ಜನ ಬಂದು ಮಿದುಳಿನ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅದನ್ನು ಪರೀಕ್ಷಿಸುವ ಸಾಫ್ಟ್‌ವೇರಿಗೆ ಒಬ್ಬೊಬ್ಬರ ವಯಸ್ಸು, ಬಳಸುವ ಕೈ, ಚಿತ್ರಗಳ ಫೋಲ್ಡರು ತುಂಬುವುದು ನನ್ನ ಕೆಲಸ. ತುಂಬಿದ್ದನ್ನೇ ತುಂಬಬೇಕು.

ಕುಷ್ಟಗಿಯ ಅಜ್ಜಿಯೊಬ್ಬಳನ್ನು ಕೇಳಿದೆ: "ಅಜ್ಜಿ, ಯಾವ ಕೈ ಬಳಸ್ತೀರಿ?"

"ಮನಷ್ಯಾರು ಯಾವ ಕೈಲೆ ಉಣ್ತಾರೋ ತಮ್ಮಾ?"

"ಹಂಗಲ್ರಿ, ರೊಟ್ಟಿ ಬಡಿಯೂದು?"

"ಎರಡೂ ಕೈಲೆ."

"ಮೊಮ್ಮಗನ್ನ ಹೊಡಿಯೂದು?"

"ಅದಕ್ಕ ಕೈ ಯಾಕ? ಕಣ್ಣ ಬಿಟ್ರ ಸಾಕು."

ಸಾಫ್ಟ್‌ವೇರಿನಲ್ಲಿ ಕಣ್ಣಿಗೆ ಜಾಗವಿರಲಿಲ್ಲ.

೨. ಅಚ್ಚು

ರಾಶಿ ತಲೆ ಬಾಕಿ ಇದ್ದ ದಿನವೇ ಯಲಬುರ್ಗಾ ಕಡೆಯ ಮಂಗಳೂರಿನಿಂದ ತಂಗಿಯ ಫೋನು. "ಯಣ್ಣಾ, ಇವತ್ತ ಹುಡುಗನ ಜಾವಳ. ಸೋದರಮಾವ ಮೊದಲ ಕೂದಲು ಕತ್ತರಿಸೋತನಾ ಯಾರೂ ಉಣ್ಣಂಗಿಲ್ಲ. ಬರ್ಲಿಲ್ಲಂದ್ರ ಮತ್ತ ನನ್ನ ಹೊಸ್ತಿಲಾ ತುಳೀಬ್ಯಾಡ!"

ರಜೆ ಕೇಳಿದರೆ ನಮ್ಮ ಡಾಕ್ಟರು, "ಎಲ್ಲಾ ಮುಗಿಸಿ ಹೋಗ್ರಿ" ಅಂದರು.

ಜೊತೆಗೆ ಕೆಲಸ ಮಾಡುವ ಭಾಗ್ಯನಗರದ ಹುಡುಗಿ ಉಪಾಯ ಹೇಳಿದಳು. "ಕಾಕಾ, ಒಬ್ಬರದ್ದು ಸರಿಯಾಗಿ ತುಂಬ್ರಿ. ಅದನ್ನ ಅಚ್ಚು ಮಾಡಿ ಬ್ಯಾಚ್ ಹಚ್ಚೋಣು, ಉಳಿದದ್ದು ತಾನ ತುಂಬ್ಕೋತೈತಿ."

ಅಚ್ಚಿಗೆ ಯೋಗ್ಯವಾದ ತಲೆ ಯಾವುದು? ಯಂತ್ರದ ಪರೀಕ್ಷೆಗೆಂದು ಹಿಂದೆ ನನ್ನದೇ ಚಿತ್ರ ತೆಗೆದಿದ್ದರಲ್ಲ! ಅದನ್ನೇ ಇಟ್ಟು ಗುಂಡಿ ಒತ್ತಿದೆ. ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವವರ ಸಾಲು ಸರಿದಂತೆ ಪರದೆ ತಾನಾಗಿ ತುಂಬುತ್ತ ಹೋಯಿತು. ತೆರೆದ ಬಾಯಿ ಮುಚ್ಚಲಿಲ್ಲ ನಾನು.

ಡಾಕ್ಟರು ಬಂದು ಚೀರಿದರು. "ಏನ್ರಿ ಇದು, ಎಲ್ಲಾರ್ದೂ ಒಂದ ಮಿದುಳು!"

ಫೋಲ್ಡರು ಬದಲಾಗಿರಲಿಲ್ಲ. ಇಡೀ ಜಿಲ್ಲೆಗೆ ನನ್ನದೇ ಮಿದುಳು ಹಂಚಿಹೋಗಿತ್ತು.

"ಜಿಲ್ಲಾ ಉದ್ಧಾರ ಆತ್ರಿ ಸಾಹೇಬ್ರ" ಅಂದೆ.

"ಫೋಲ್ಡರ್ ಬದಲಿಸೂದು ಮರ್ತ ಮಿದುಳು ಎಲ್ಲಾರಿಗೂ ಕೊಟ್ರ ನೆನಪಿನ ಅಧ್ಯಯನ ಇಲ್ಲಿಗೇ ಮುಗೀತಲ್ರಿ!"

೩. ಉಳಿದ ಒಂದು ತಲೆ

ಹುಡುಗಿ ಅಚ್ಚಿನಲ್ಲಿ ಫೋಲ್ಡರಿನ ಸಾಲೊಂದನ್ನು ತಿದ್ದಿದಳು. ಮತ್ತೆ ಒತ್ತಿದೆ. ಚಹಾ ಆರುವುದರೊಳಗೆ ಎಲ್ಲವೂ ಮುಗಿದಿತ್ತು! ಹೋಳು ಮಾಡಿದ ದಾಳಿಂಬೆಯ ಹಾಗೆ ಸಾಲಾಗಿ ಮಿದುಳುಗಳು, ಒಂದರಂತೆ ಇನ್ನೊಂದಿಲ್ಲ. ಕಣ್ಣಿನಿಂದಲೇ ಹೊಡೆಯುವ ಅಜ್ಜಿಯದೂ ಅಲ್ಲಿ ಹೊಳೆಯುತ್ತಿತ್ತು. ಅರಿವಿಲ್ಲದೆ ಕೈ ಮುಗಿದೆ.

ಬಸ್ಸು ಹಿಡಿದು ಮಂಗಳೂರು ಮುಟ್ಟಿದಾಗ ಊರ ಮಂದಿ ಹಸಿದು ಕೂತಿದ್ದರು. "ಒಂದ ಗುಂಡಿ ಒತ್ತಿ ಜಿಲ್ಲಾದ ತಲಿ ಎಲ್ಲಾ ಮುಗಿಸಿ ಬಂದೀನಿ!" ಎಂದು ಮೆರೆಯುತ್ತ ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕತ್ತರಿ ಬಲಕ್ಕೆ ಬಂದರೆ ತಲೆ ಎಡಕ್ಕೆ, ಎಡಕ್ಕೆ ಬಂದರೆ ಬಲಕ್ಕೆ.

"ಇದಕ್ಕ ಅಚ್ಚು ಇಲ್ಲೇನೋ ಯಣ್ಣಾ?" ಎಂದು ತಂಗಿ ಚುಚ್ಚಿದಳು.

ಹುಡುಗ ನನ್ನ ಮೀಸೆ ಹಿಡಿದು ಜಗ್ಗಿದ. ನಾನು ಕಣ್ಣು ಮುಚ್ಚಿ ಕತ್ತರಿ ಆಡಿಸಿದೆ. ಕೆಳಗೆ ಹಿಡಿದ ತಟ್ಟೆಗೆ ಕೂದಲು ಬಿತ್ತು! ಮಂದಿ ಹೋ ಎಂದು ಊಟದ ಸಾಲಿಗೆ ಓಡಿದರು.

ತಂಗಿ ತಟ್ಟೆಯನ್ನೇ ನೋಡುತ್ತ ನಿಂತಳು. "ಯಣ್ಣಾ... ನನ್ನ ಕೂಸಿಗೆ ಯಾವಾಗಿಂದ ಬಿಳಿ ಕೂದಲಾ?"

ಇಷ್ಟರಲ್ಲಿ ಆ ಬಿಳಿ ಕೂದಲಿನ ಸಣ್ಣ ಸಂಗತಿಯೊಂದು ಮಾತ್ರ ನಾನು ಕಟ್ಟಿದ್ದು, ಒಪ್ಪಿಕೊಂಡುಬಿಡುತ್ತೇನೆ: ನನ್ನ ಮೀಸೆ ಇನ್ನೂ ಕಪ್ಪಗೇ ಇದೆ.