ಪಾಪಮ್ಮ ಕೇಳಿದ ಕೊಕ್ಕರೆ ಸಾರು

ಕವಲಂದೆ ಪಕ್ಕದ ಹಳ್ಳಿಯಲ್ಲಿ ಪಂಚಾಯಿತಿ ವಾಟರ್‌ಮನ್ ನಿಂಗರಾಜುವಿನ ತಾಯಿ ಪಾಪಮ್ಮ ಅನ್ನ ನೀರು ಬಿಟ್ಟು ಮಲಗಿದ್ದಳು. ಆಸ್ಪತ್ರೆಯವರು, "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ" ಎಂದು ಕೈ ತೊಳೆದುಕೊಂಡಿದ್ದರು. ಆ ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಕೇಳಿಯೇಬಿಟ್ಟಳು.

"ಲೇ ನಿಂಗ, ನಿಮ್ಮಪ್ಪ ತರ್ತಿದ್ನಲ್ಲ ಕೊಕ್ಕರೆ, ಅದ್ರ ಸಾರು ಒಂದ್ ತೊಟ್ಟು ಬಾಯ್ಗ್ ಬುಡ್ಲಾ. ನೆಮ್ಮದಿಯಾಗ್ ಓಯ್ತೀನಿ."

ಹೋಗುವ ಜೀವದ ಬಾಯಾಸೆ ತೀರಿಸದಿದ್ದರೆ ಅದು ಸೂರು ಬಿಟ್ಟು ಕದಲುವುದಿಲ್ಲವೆಂದು ಬೀದಿಗೆಲ್ಲ ನಂಬಿಕೆ. ಅಪ್ಪನೇನೋ ಹೆಸರುವಾಸಿ ಬೇಟೆಗಾರ. ಮಗನೋ, ಮನೆಯ ಜಿರಲೆಯನ್ನೂ ಹೆಂಡತಿ ಕೈಲೇ ಹೊಡೆಸುವವನು. ಆದರೂ ಹೆತ್ತವ್ವ ಕೇಳಿದ್ದಾಳಲ್ಲ, ಅಟ್ಟದಿಂದ ಅಪ್ಪನ ಉರುಳು ಇಳಿಸಿಕೊಂಡು ಕೆರೆ ಕಡೆ ಹೊರಟ.

ಎದುರುಮನೆ ಗೋವಿಂದಮ್ಮ ಅಡ್ಡ ಬಂದಳು. "ಕೆರೆ ಸರ್ಕಾರದ್ದು ಕಣಪ್ಪ! ಫಾರೆಸ್ಟ್‌ನೋರು ಒಳಗ್ ಆಕ್ತಾರೆ, ಕೆಲ್ಸನೂ ಓಯ್ತದೆ. ಯಾರ್ದಾರ ಗದ್ದೆಗ್ ಓಗು, ಅಲ್ಲಿ ಕೇಳೋರಿಲ್ಲ."

ಪುಟ್ಟಬಸವಯ್ಯನವರ ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಕೊಕ್ಕರೆಗಳು ಹಿಂಡುಹಿಂಡಾಗಿ ಓಡಾಡುತ್ತಿದ್ದವು. ಹಣೆತುಂಬ ವಿಭೂತಿ ಧರಿಸಿದ್ದ ಯಜಮಾನರು ಉರುಳು ನೋಡಿ ಸಿಡಿದರು.

"ಕೆರೆಯಾದ್ರೇನ್ಲಾ, ಗದ್ದೆಯಾದ್ರೇನ್ಲಾ, ಕಾನೂನು ಒಂದೇಯ! ಅದೂ ನಮ್ಮ ಗದ್ದೇಲಿ ಜೀವ ತೆಗೆಯೋದಾ? ಶಿವ ಶಿವಾ!"

ನಿಂಗರಾಜು ಅವ್ವನ ವಿಷಯ ಹೇಳಿದ. ಯಜಮಾನರ ಕಣ್ಣು ಒದ್ದೆಯಾಯಿತು. "ಅವ್ವನ್ಗೆ ಅಂತೀಯ... ನಾನು ಆ ಕಡೆ ತಿರುಗ್ಕೊಂಡ್ ನಿಂತಿರ್ತೀನಿ. ನಂಗೇನೂ ಕಾಣ್ಲಿಲ್ಲ."

ನಿಂಗರಾಜು ಅವರ ಹಿಂದೆಯೇ ಉರುಳು ಒಡ್ಡಿದ. ತಿರುಗಿ ನಿಂತವರು ಕೊಕ್ಕರೆಗೆ ದಾರಿ ಬಿಡಲು ಎರಡು ಹೆಜ್ಜೆ ಹಿಂದೆ ಸರಿದರು. ಉರುಳಿಗೆ ಬಿದ್ದದ್ದು ಅವರ ಕಾಲು. ಕೆಸರಿನಲ್ಲಿ ಬಿದ್ದ ಯಜಮಾನರನ್ನು ಎಬ್ಬಿಸಲು ಹೋಗಿ ನಿಂಗರಾಜೂ ಮಕಾಡೆ ಬಿದ್ದ. ಕೊಕ್ಕರೆಯೊಂದು ಮಾರುದೂರದಲ್ಲಿ ನಿಂತು ಅವನನ್ನೇ ನೋಡಿತು. ಕೈ ಚಾಚಿದ್ದರೆ ಸಿಗುತ್ತಿತ್ತೇನೋ, ಇದಕ್ಕೂ ಒಬ್ಬ ಅವ್ವ ಇರಬಹುದು ಅನ್ನಿಸಿ ಅವನಿಗೆ ಕೈಯೇ ಬರಲಿಲ್ಲ.

ಕವಲಂದೆಯಲ್ಲಿ ನಾಟಿ ಕೋಳಿ ಕೊಯ್ಯಿಸಿಕೊಂಡು ಹಿತ್ತಲಿನಿಂದ ಮನೆ ಸೇರಿದ. ಹೆಂಡತಿ ಕೋಳಿ ಅಂಗಡಿಯ ಕವರನ್ನು ಒಲೆಗೆ ಹಾಕಿ ಮಸಾಲೆ ಅರೆದಳು. ಪಾಪಮ್ಮ ಎರಡು ಬಟ್ಟಲು ಕುಡಿದು, ಗೋಡೆಗೊರಗಿ ಕೂತು, "ಅದೇ ರುಚಿ ಕಣ್ಲಾ!" ಎಂದಳು. ನಿಂಗರಾಜು ಗಳಗಳನೆ ಅತ್ತುಬಿಟ್ಟ.

ವಾಸನೆ ಹಿಡಿದು ಬಂದ ಗೋವಿಂದಮ್ಮ, "ಸಿಕ್ತಾ?" ಎಂದಳು. ಅವ್ವ ಕೇಳಿಸಿಕೊಳ್ಳುತ್ತಿದ್ದಳು. "ಊಂ ಕಣಕ್ಕ, ಕೊಕ್ಕರೆ! ನಾನೇ ಇಡ್ದೆ" ಎಂದು ಎದೆಯುಬ್ಬಿಸಿ ಹೇಳಿದ.

ಗೋವಿಂದಮ್ಮನ ಬಾಯಿಗೆ ಬಿದ್ದ ಮೇಲೆ ಕೇಳಬೇಕೇ? ಸಂಜೆಗೆ ಫಾರೆಸ್ಟ್ ಗಾರ್ಡ್ ಬಾಗಿಲಲ್ಲಿ ಬೈಕ್ ನಿಲ್ಲಿಸಿದ. ಹಿಂದೆಯೇ ಅರ್ಧ ಊರು.

"ಕೊಕ್ಕರೆ ಹೊಡೆದಿದ್ದು ನೀನೇನಾ?"

ಕೋಳಿ ಎಂದರೆ ಅವ್ವನ ಮನಸ್ಸು ಮುರಿಯುತ್ತದೆ. ಕೊಕ್ಕರೆ ಎಂದರೆ ಜೈಲು, ಕೆಲಸಕ್ಕೂ ಕಲ್ಲು. ನಿಂಗರಾಜು ಗೂಟದ ಮೇಲಿನ ಅಂಗಿ ತೆಗೆದು ತೊಟ್ಟುಕೊಂಡ. "ನಾನೇ ಸಾ. ನಡೀರಿ."

ಒಳಗಿನಿಂದ ಪಾಪಮ್ಮನ ದನಿ ಬಂತು.

"ಬುಡಿ ಸಾ ಅವನ್ನ. ಅದು ಕೋಳಿ. ಇವ್ರಪ್ಪನೂ ಬದ್ಕಿರೋಗಂಟ ಕೋಳಿನೇ ತಂದು ಕೊಕ್ಕರೆ ಅಂತಿದ್ದ. ಗಂಡಸಿನ ಮಾನ ಅಂತ ಸುಮ್ಕಿದ್ದೆ."

ಊರೆಲ್ಲ ಗೊಳ್ಳೆಂದಿತು. ಗಾರ್ಡ್ ನಗು ತಡೆಯಲಾರದೆ ಅತ್ತ ತಿರುಗಿದ. ನಿಂಗರಾಜು ತೊಟ್ಟ ಅಂಗಿ ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿದ.

"ಮಗನಾರ ದಿಟವಾದ್ದು ತಿನ್ನುಸ್ತಾನೆ ಅನ್ಕಂಡಿದ್ದೆ," ಎಂದಳು ಪಾಪಮ್ಮ. ದನಿ ಬೆಳಗಿನದಕ್ಕಿಂತ ಗಟ್ಟಿಯಾಗಿತ್ತು. "ಓಗ್ಲಿ ಬುಡು, ನಂಗೇನ್ ಅವಸ್ರ ಇಲ್ಲ. ಕೊಕ್ಕರೆ ತಿನ್ದೆ ನಾನಂತೂ ಸಾಯಕ್ಕಿಲ್ಲ. ಅಲ್ಲೀಗಂಟ ದಿನಾ ಕೋಳಿನೇ ಮಾಡ್ಸು."